ಸೈಟು ಗುರುತಿಸುವ ಮುನ್ನ ಇಂಗುಗುಂಡಿಗೆ ಜಾಗ



ಮೂವತ್ತು-ನಲವತ್ತರ ಸೈಟಿನಲ್ಲಿ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ ಸಿಗುವುದು 50 ಅಡಿ, ಅಂದರೆ ಸುಮಾರು 15 ಮೀಟರ್. ಭಾರತೀಯ ಮಾನಕ 2470ರ ಎರಡನೇ ಭಾಗ ಹೇಳುವಂತೆ, ಸೆಪ್ಟಿಕ್ ಟ್ಯಾಂಕಿನ ನೀರನ್ನು ಇಂಗಿಸುವ ಜಾಗ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ವಾಸದ ಮನೆಯಿಂದ 6 ಮೀಟರ್ ಆದರೂ ದೂರವಿರಬೇಕು. ಹಾಗಾದರೆ ಅಂಥ ಸೈಟಿನಲ್ಲಿ ಬೋರ್‌ವೆಲ್ಲೂ ಇಂಗುಗುಂಡಿಯೂ ಒಟ್ಟಿಗೆ ಇರಲು ಸಾಧ್ಯವೇ ಇಲ್ಲ. ಆದರೂ ಒಳಚರಂಡಿ (ಯುಜಿಡಿ) ಮುಟ್ಟದ ಊರಂಚಿನ ಬಡಾವಣೆಗಳಲ್ಲಿ ಎರಡೂ ಒಂದೇ ಕಾಂಪೌಂಡಿನೊಳಗಿರುವುದನ್ನು ಇಲ್ಲಿ ನೆರೆದ ಎಂಜಿನಿಯರುಗಳು ಕಂಡೇ ಇದ್ದಾರೆ.

ಅದೇ ಬಡಾವಣೆ ಕೆರೆಯ ಮಗ್ಗುಲಲ್ಲಿ ಎದ್ದರೆ?

ಬೆಂಗಳೂರಿನಲ್ಲಿ ಈ ಚರ್ಚೆ ಬಹುಕಾಲ ಮೀಸಲು ಅಂತರದ ಸುತ್ತಲೇ ಸುತ್ತಿದೆ. ಕೆರೆಯಂಚಿನಿಂದ 75 ಮೀಟರ್ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ ಮೇಲೆ ನಗರ ಯೋಜನೆಯ 30 ಮೀಟರೇ ಉಳಿಯಿತು. ಅಂತರ ಬೇಕೇ ಬೇಕು. ಆದರೆ ಅದು ಅಳೆಯುವುದು ನೆಲದ ಮೇಲಿನ ದೂರವನ್ನು. ಕೊಳೆನೀರು ನಡೆಯುವುದು ನೆಲದೊಳಗೆ.

ಸೆಪ್ಟಿಕ್ ಟ್ಯಾಂಕು ಮಾಡುವುದು ಅರ್ಧ ಕೆಲಸ ಮಾತ್ರ. ಮಲ ತಳದಲ್ಲಿ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ರೋಗಾಣುಗಳನ್ನು ಹೊತ್ತುಕೊಂಡೇ ಹೊರಬೀಳುತ್ತದೆ. ಮುಂದಿನದು ಗಾಳಿಯಾಡುವ ಒಣಮಣ್ಣಿನ ಕೆಲಸ: ರೋಗಾಣು ಅಲ್ಲಿ ಸಾಯುತ್ತವೆ, ರಂಜಕ ಮಣ್ಣಿನ ಕಣಕ್ಕೆ ಅಂಟುತ್ತದೆ. ಅಂತರ್ಜಲ ಏರಿ ಗುಂಡಿಯ ತಳ ಮುಟ್ಟಿತೋ, ಈ ಸೋಸುವಿಕೆ ಅಲ್ಲಿಗೇ ಕೆಡುತ್ತದೆ.

ಕೆರೆ ಏರಿಯ ಹಿಂದಿನ ಅಚ್ಚುಕಟ್ಟಿನಲ್ಲಿ ಆಗುವುದು ಇದೇ. ತಲೆಮಾರುಗಟ್ಟಲೆ ಭತ್ತ ಬೆಳೆದ ಆ ನೆಲ ಕೆರೆಯ ಜಿನುಗಿನಿಂದ ಒಳಗೊಳಗೇ ತೇವ. ಏಪ್ರಿಲ್‌ನಲ್ಲಿ ಸೈಟು ನೋಡಲು ಬಂದವರ ಕಾಲಿಗೆ ಅದು ಗಟ್ಟಿಯಾಗಿಯೇ ಸಿಗುತ್ತದೆ. ಆಳುದ್ದ ಗುಂಡಿ ತೋಡಿ ಗೋಡೆಯನ್ನು ನೋಡಿದರೆ ಬೇರೆಯೇ ಕಥೆ. ಬೂದು ಮಣ್ಣಿನಲ್ಲಿ ಅಲ್ಲಲ್ಲಿ ತುಕ್ಕು ಬಣ್ಣದ ಮಚ್ಚೆಗಳಿದ್ದರೆ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರಿ ಇಳಿಯುತ್ತದೆಂಬುದನ್ನು ಆ ಮಚ್ಚೆಗಳೇ ತೋರಿಸುತ್ತವೆ.

ಇಂಗು ಪರೀಕ್ಷೆಯೂ ಸುಲಭದ್ದೇ. ಗುಂಡಿ ತೋಡಿ, ತಳಕ್ಕೆ ಜಲ್ಲಿ ಹಾಕಿ, ನೀರು ತುಂಬಿಸಿ ರಾತ್ರಿಯಿಡೀ ನೆನೆಯಲು ಬಿಡಬೇಕು. ಮರುದಿನ ನೀರು 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಹಿಡಿಯಿತೆಂದು ನೋಡಬೇಕು. ಬಿರುಬೇಸಿಗೆಯ ಮಧ್ಯಾಹ್ನ ಒಂದು ಕೊಡ ನೀರು ಸುರಿದು ಬರೆದ ವರದಿಯನ್ನು ಯಾವ ಪ್ರಾಧಿಕಾರವೂ ಒಪ್ಪಕೂಡದು.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಅನುಭವ ಇಲ್ಲಿ ನೆನಪಿಡಬೇಕಾದದ್ದು. ಅಲ್ಲಿನ ‘ಟೈಟಲ್ 5’ ನಿಯಮದಂತೆ ಇಂಗುನೆಲ ಜೌಗಿನಿಂದ 50 ಅಡಿ ದೂರ, ಅಂತರ್ಜಲದ ಅತಿ ಎತ್ತರದ ಮಟ್ಟಕ್ಕಿಂತ 4 ಅಡಿ ಮೇಲಿರಬೇಕು. ಬೇಗ ಇಂಗುವ ಮರಳುಮಣ್ಣಿಗೆ 5 ಅಡಿ. ಆದರೆ ಅಂತರವೊಂದೇ ಸಾಲದು: ಕೇಪ್ ಕಾಡ್‌ನ ವಾಕ್ವಾಯಿಟ್ ಕೊಲ್ಲಿಯಲ್ಲಿ ಕಡಲಹುಲ್ಲು ನಾಶವಾಯಿತು. ಕಾರಣ, ಕೊಳೆನೀರಿನ ಅಮೋನಿಯ ಒಣಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿದಿಡುವುದಿಲ್ಲ. ಸಾವಿರಾರು ಮನೆಗಳ ನೈಟ್ರೇಟ್ ಅಂತರ್ಜಲದ ಜೊತೆ ಹರಿದು ಕೊಲ್ಲಿ ಸೇರಿತು. ಕೊನೆಗೆ 2023ರಲ್ಲಿ ಹೊಸ ನಿಯಮ ಬಂತು: ಊರಿನವರು ಇಡೀ ಜಲಾನಯನಕ್ಕೆ ಯೋಜನೆ ಮಾಡಿ ಪರವಾನಗಿ ಪಡೆಯಬೇಕು, ಇಲ್ಲವೇ ಮನೆಮನೆಯ ವ್ಯವಸ್ಥೆಯನ್ನೂ ಸಾರಜನಕ ತಗ್ಗಿಸುವಂತೆ ಬದಲಿಸಬೇಕು.

ನಮ್ಮಲ್ಲಿ ಕೆರೆಯ ಸುತ್ತಲಿನವರು ಇಂಗುಗುಂಡಿಯ ನೀರು ಸೇರುವ ಅಂತರ್ಜಲವನ್ನೇ ಕುಡಿಯುತ್ತಾರೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೈಟ್ರೇಟ್ ಹಸುಗೂಸುಗಳಿಗೆ ಅಪಾಯ, ನೀರು ಕಾಯಿಸಿದರೂ ಅದು ಹೋಗುವುದಿಲ್ಲ. ಈ ಸಂಗತಿ ತಾಯಂದಿರಿಗೆ ತಿಳಿಸದೆ ಸೈಟು ಮಾರುವುದು ಅನ್ಯಾಯ.

ಆದ್ದರಿಂದ ಈ ಅಧ್ಯಕ್ಷ ಪೀಠ ಒತ್ತಾಯಿಸುವುದು ನಕ್ಷೆಯ ಕ್ರಮ ಬದಲಾಗಲಿ ಎಂದು. ಮೊದಲು ಎತ್ತರದ, ಚೆನ್ನಾಗಿ ಇಂಗುವ ನೆಲವನ್ನು ಇಡೀ ಬಡಾವಣೆಯ ಇಂಗುಜಾಗವಾಗಿ ಬಿಟ್ಟು, ಆಮೇಲೆ ರಸ್ತೆ, ಸೈಟು ಗುರುತಿಸಬೇಕು. ಮನೆಯ ಟ್ಯಾಂಕಿನಿಂದ ಸಣ್ಣ ಪೈಪಿನಲ್ಲಿ ತಿಳಿನೀರು ಅಲ್ಲಿಗೆ ಹೋಗಲಿ. ತಗ್ಗಿನಿಂದ ಅಲ್ಲಿಗೆ ಪಂಪು ಬೇಕಾದರೆ ಅದರ ಖರ್ಚು ಡೆವಲಪರನದು. ಅಂಥ ನೆಲವೇ ಸಿಗದಿದ್ದರೆ, ಯುಜಿಡಿ ಬರುವವರೆಗೆ ಅಲ್ಲಿ ಮನೆ ಬೇಡ.

ಈ ಸಭೆಯ ಸಂಜೆಯ ನಿರ್ಣಯದಲ್ಲಿ ಒಂದು ಸಾಲು ಸೇರಲಿ: ಕೆರೆ ಬದಿಯ ಬಡಾವಣೆಗೆ ಮಂಜೂರಾತಿ ಕೇಳುವವರು ಹಿಂಗಾರಿನ ಹೊತ್ತಿಗೆ ತೋಡಿದ ಗುಂಡಿಯ ನೀರಿನ ಮಟ್ಟವನ್ನು, ಪಂಚಾಯಿತಿಯವರ ಎದುರೇ ಅಳೆದು, ಅರ್ಜಿಯ ಜೊತೆ ಲಗತ್ತಿಸಬೇಕು.