ಬಂಡಿಯ ಅಜ್ಜನವರು
(ಶ್ರೀಮಠದ ಉತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ಈ ಮಠದ ದಾಸೋಹಕ್ಕೆ ವರ್ಷವರ್ಷವೂ ಒಂದು ಚೀಲ ಜೋಳವನ್ನು ತಪ್ಪದೆ ತಂದೊಪ್ಪಿಸುತ್ತಿದ್ದ ನಮ್ಮ ಅಜ್ಜನವರನ್ನು ಸಭೆಯಲ್ಲಿರುವ ಹಿರಿಯರಲ್ಲಿ ಕೆಲವರಾದರೂ ಕಂಡಿರಬಹುದು. ಅರಸರ, ಮಂತ್ರಿಗಳ ಚರಿತ್ರೆಯನ್ನು ಬರೆಯುವವರುಂಟು. ಬಂಡಿ ಹೊಡೆದು ಬಾಳಿದವರ ಚರಿತ್ರೆಯನ್ನು ಮೊಮ್ಮಕ್ಕಳಲ್ಲದೆ ಮತ್ತಾರು ಹೇಳಬೇಕು?

ಅಜ್ಜನವರು ಹುಟ್ಟಿದುದು ಮಾರಿಕಣಿವೆಯ ಕಟ್ಟೆ ಮುಗಿದ 1907ರಲ್ಲಿ ಎಂದು ಮನೆಯವರ ಲೆಕ್ಕ. ವೇದಾವತಿಯನ್ನು ತಡೆದ ಆ ಕಟ್ಟೆಯಿಂದ ಹಿರಿಯೂರಿನ ಕಡೆ ತೋಟಗಳಾದುವು. ಚಳ್ಳಕೆರೆಯ ನಮ್ಮ ಹೊಲಗಳು ಮಾತ್ರ ಎಂದಿನಂತೆ ಮುಗಿಲನ್ನೇ ನೋಡುತ್ತ ಉಳಿದುವು. ಮಳೆ ಕೈಕೊಟ್ಟ ವರ್ಷ ಬಂಡಿಯೇ ಗತಿ. ಶೇಂಗಾ, ಕಂಬಳಿ, ಮೆಣಸಿನಕಾಯಿ ಹೇರಿಕೊಂಡು ಮೊಳಕಾಲ್ಮೂರಿನ ಮೇಲೆ ರಾಯದುರ್ಗಕ್ಕೂ ಬಳ್ಳಾರಿಗೂ ಹೋಗುತ್ತಿದ್ದರು. ರಾಯದುರ್ಗವು ಆಗ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. 1953ರಲ್ಲಿ ಅದು ಆಂಧ್ರಕ್ಕೆ ಹೋಯಿತು. ಮೈಸೂರು ಸೀಮೆಯನ್ನು ದಾಟಿ ಕುಂಪಣಿಯವರ ಸೀಮೆಗೆ ಹೋಗುವುದೆಂದರೆ ಆ ಕಾಲದವರಿಗೆ ಪರದೇಶಯಾತ್ರೆಯೇ ಸರಿ. ಕುಂಪಣಿ ಹೋಗಿ ಎಷ್ಟೋ ಕಾಲವಾಗಿದ್ದರೂ ಅಜ್ಜನವರ ಬಾಯಲ್ಲಿ ಆ ಹೆಸರು ಹೋಗಲಿಲ್ಲ. ದಾರಿಯ ಗುಡ್ಡಗಳಲ್ಲಿ ಕರಡಿಯ ಭಯ, ಬಯಲಿನಲ್ಲಿ ಕಳ್ಳರ ಭಯ. ಆದುದರಿಂದ ಹತ್ತು ಹನ್ನೆರಡು ಬಂಡಿಗಳು ಜೊತೆಗೂಡಿ ರಾತ್ರಿಯ ತಂಪಿನಲ್ಲಿ ಸಾಗುತ್ತಿದ್ದುವು.

ಒಮ್ಮೆ ಚಿನ್ನಹಗರಿಯ ಒಣಮರಳನ್ನು ದಾಟುತ್ತಿದ್ದಾಗ ಎಲ್ಲಿಯೋ ಮೇಲೆ ಸುರಿದ ಮಳೆಯ ನೀರು ಸದ್ದಿಲ್ಲದೆ ಬಂದಿತು. ಅಜ್ಜನವರದು ಕಡೆಯ ಬಂಡಿ. ಗುಂಬವರೆಗೆ ನೀರು ಏರಿದಾಗ ಅವರು ಮೂಟೆಗಳ ಆಸೆಯನ್ನು ಬಿಟ್ಟು, ಜತ್ತಿಗೆಯನ್ನು ಕೊಯ್ದು ಎತ್ತುಗಳನ್ನು ಬಿಡಿಸಿ, ಒಂದರ ಬಾಲವನ್ನು ಹಿಡಿದು ದಡ ಸೇರಿದರು. ಅಮೃತಮಹಲ್ ತಳಿಯ ಜೋಡಿ ಅದು. ಅಂದಿನಿಂದ ಆ ಎತ್ತುಗಳಿಗೆ ಮೇವು ಹಾಕದೆ ತಾವು ಉಣ್ಣುತ್ತಿರಲಿಲ್ಲವೆಂದು ನಮ್ಮ ತಂದೆಯವರು ಹೇಳುತ್ತಿದ್ದರು.

1939ರಲ್ಲಿ ತುರುವನೂರಿನಲ್ಲಿ ಈಚಲುಮರ ಕಡಿಯುವ ಸತ್ಯಾಗ್ರಹವು ನಡೆಯಿತು. ಮರಗಳಿಂದ ಸರಕಾರಕ್ಕೆ ಹೆಂಡದ ಹುಟ್ಟುವಳಿ. ಹಳ್ಳಿಯ ಸಂಸಾರಗಳಿಗೆ ಅದೇ ಹೆಂಡದಿಂದ ಹಾಳು. ದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಮುಂದಾಳಾಗಿ ನಿಂತು ಸೆರೆಮನೆಗೆ ಹೋದರು. 1956ರಲ್ಲಿ ವಿಶಾಲ ಮೈಸೂರಿನ ಮುಖ್ಯಮಂತ್ರಿಗಳಾದವರೂ, 1957ರಲ್ಲಿ ಮೊಳಕಾಲ್ಮೂರಿನಿಂದಲೇ ವಿಧಾನಸಭೆಗೆ ಆರಿಸಿಬಂದವರೂ ಅವರೇ. ಅಜ್ಜನವರು ಮನೆಯಲ್ಲಿ ಒಂದು ಮಾತನ್ನೂ ತಿಳಿಸದೆ ಕೊಡಲಿಯನ್ನು ಹೆಗಲಿಗೇರಿಸಿ ನಡೆದರು. ಸಂಜೆಗೆ ಬಾರದಿದ್ದಾಗ ಸೌದೆಗೆ ಹೋಗಿರಬಹುದೆಂದು ಅಜ್ಜಿ ತಿಳಿದಿದ್ದಳಂತೆ. ತಿಂಗಳುಗಳು ಕಳೆದು ಸೆರೆಯಿಂದ ಮರಳಿದಾಗ ಊರವರು ಹಾರಹಾಕಿ ಮೆರವಣಿಗೆ ಮಾಡಿದರು. ಮೆರವಣಿಗೆ ಮನೆಯ ಬಾಗಿಲಿಗೆ ಬಂದಿತು. ಅಜ್ಜನವರು ನೇರವಾಗಿ ಕೊಟ್ಟಿಗೆಗೆ ಹೋದರು. ಗೋದಲಿ ಬರಿದಾಗಿದ್ದಿತು.

ಈ ಭಾಗವನ್ನು ಅಜ್ಜನವರು ಯಾವ ಸಭೆಯಲ್ಲಿಯೂ ಹೇಳಲಿಲ್ಲ. ತುರುವನೂರಿನ ಕಥೆಯನ್ನು ನಾವು ನೂರುಸಲ ಕೇಳಿದ್ದೇವೆ. ಅದರ ಬೆಲೆಯನ್ನು ಯಾರು ತೆತ್ತರೆಂಬುದನ್ನು ನಾನು ಕೇಳಿದುದು ಬಹಳ ತಡವಾಗಿ, ಅಜ್ಜಿಯ ಬಾಯಿಂದ.

ಎತ್ತಿಲ್ಲದ ಬಂಡಿಯವನು ಕೂಲಿಗೆ ಹೋಗಲೇಬೇಕು. ಅಜ್ಜಿಯ ತವರು ಮೊಳಕಾಲ್ಮೂರು ತಾಲ್ಲೂಕಿನ ಸಿದ್ಧಾಪುರದ ಕಡೆ. 1947ರಲ್ಲಿ ಅಲ್ಲಿಯ ಬ್ರಹ್ಮಗಿರಿಯ ತಪ್ಪಲಿನಲ್ಲಿ ಪ್ರಾಚ್ಯವಸ್ತು ಇಲಾಖೆಯ ಮಾರ್ಟಿಮರ್ ವೀಲರ್ ದೊರೆಗಳು ಭೂಮಿಯನ್ನು ಅಗೆಯಿಸಿದಾಗ ಅಜ್ಜನವರು ಗುದ್ದಲಿ ಹಿಡಿದು ಸೇರಿಕೊಂಡರು. ಈ ಕೂಲಿಯ ಕಥೆಯನ್ನು ಮಾತ್ರ ಅವರು ಅರಸನ ಕಥೆಯಂತೆ ಹೇಳುತ್ತಿದ್ದರು. ಗೋಡೆಯಂತೆ ನೆಟ್ಟಗೆ ಕಡಿದ ಮಣ್ಣಿನ ಪದರಪದರಕ್ಕೂ ಒಂದೊಂದು ಚೀಟಿ. ಜನರು ಮೋರಿಯರ ಮನೆಗಳೆಂದು ಹೆದರಿ ದೂರವಿದ್ದ ಕಲ್ಲುಗೋರಿಗಳೊಳಗೆ ಮೂಳೆ, ಮಡಕೆ, ಕಬ್ಬಿಣದ ಸಾಮಾನು. ಎಲ್ಲಕ್ಕೂ ಕೆಳಗೆ ನುಣುಪಾಗಿ ಉಜ್ಜಿದ ಕಲ್ಲಿನ ಕೊಡಲಿಗಳು. "ಈ ಕಲ್‌ಕೊಡ್ಲಿ ಹಿಡ್ಕಂಡು ತುರುವನೂರಿಗೆ ಹೋಗಿದ್ರೆ, ಇವತ್ತಿಗೂ ಮೊದಲ್ನೇ ಮರಾನೇ ಕಡೀತಿರ್ತಿದ್ದೆ ಕಣಪ್ಪಾ" ಎಂದು ನಗುತ್ತಿದ್ದರು.

ಅಲ್ಲಿಯೇ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. 1892ರಲ್ಲಿ ರೈಸ್ ದೊರೆಗಳು ಅದನ್ನು ಕಂಡುಹಿಡಿದರು. ತಾಯಿತಂದೆಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ಬರೆದ ಚಪಡನೆಂಬ ಲಿಪಿಕಾರನು ಕೊನೆಯ ಒಂದು ಪದವನ್ನು ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳಿದಾಗ ಅಕ್ಷರವರಿಯದ ಅಜ್ಜನವರು ಬಹಳ ಹೊತ್ತು ಸುಮ್ಮನಿದ್ದು, ಅಷ್ಟು ದೂರದಿಂದ ಬಂದವನಿಗೆ ಇಲ್ಲಿ ಊಟಕ್ಕೆ ಯಾರು ಇಕ್ಕಿದರೋ ಎಂದರು. ವಿದ್ವಾಂಸರಾರೂ ಈ ಪ್ರಶ್ನೆಯನ್ನು ಕೇಳಿದುದನ್ನು ನಾನು ಕಾಣೆ.

ಮುಂದೆ ಚಳ್ಳಕೆರೆಯಲ್ಲಿ ಎಣ್ಣೆಯ ಗಿರಣಿಗಳು ಹೆಚ್ಚಿ, ಲಾರಿಗಳು ಬಂದು, ಬಂಡಿಯ ಕಾಲ ಮುಗಿಯಿತು. ಅಜ್ಜನವರು ಇದ್ದ ನಾಲ್ಕು ಎಕರೆಯನ್ನು ನೋಡಿಕೊಂಡು, ಮಠಕ್ಕೆ ಬಂದುಹೋಗುತ್ತ ತೊಂಬತ್ತರ ಸಮೀಪದವರೆಗೆ ಬಾಳಿದರು.

ನಾನು ಅಜ್ಜಿಯನ್ನು ಕೇಳಿದುದು ಅವರು ತೀರಿಹೋದ ಮೇಲೆ. ಕಂದಾಯದ ಕಂತು ಬಿದ್ದಿತ್ತು, ಮಕ್ಕಳಿಬ್ಬರಿಗೆ ಹಿಟ್ಟಿರಲಿಲ್ಲ. ಜೋಡಿಯನ್ನು ನಾಯಕನಹಟ್ಟಿಯ ಒಬ್ಬ ರೈತರಿಗೆ ಮಾರಿದೆನೆಂದಳು. ಎಂಟನೆಯ ದಿನ ನಸುಕಿನಲ್ಲಿ ಬಾಗಿಲ ಹೊರಗೆ ಗಂಟೆಯ ಸದ್ದು ಕೇಳಿತಂತೆ. ಹಳ್ಳದಲ್ಲಿ ಅಜ್ಜನವರನ್ನು ದಡಕ್ಕೆಳೆದ ಎತ್ತು ಹಗ್ಗ ಹರಿದುಕೊಂಡು ಬಂದು ನಿಂತಿತ್ತು. ಅಜ್ಜಿ ಅದಕ್ಕೆ ನೀರು ತೋರಿಸಿ, ಮನೆಯಲ್ಲಿದ್ದ ಹಿಡಿ ಹಿಂಡಿಯನ್ನು ತಿನ್ನಿಸಿ, ಚಿಕ್ಕ ಮಗುವನ್ನು ಕಂಕುಳಿಗೇರಿಸಿ, ಹಣ ಕೊಟ್ಟವರ ವಸ್ತು ನಮ್ಮಲ್ಲಿರಬಾರದೆಂದು, ಹರಿದ ಹಗ್ಗವನ್ನೇ ಗಂಟುಹಾಕಿ ಹಿಡಿದುಕೊಂಡು ನಾಯಕನಹಟ್ಟಿಯವರೆಗೆ ನಡೆದು ಅದನ್ನು ಒಪ್ಪಿಸಿ ಬಂದಳು.