ಪರಧರ್ಮಸಹಿಷ್ಣುತೆ: ಎರಡು ಶಾಸನಗಳ ಸಾಕ್ಷ್ಯ

(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಜಿನಬಿಂಬ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ, ಕಟ್ಟಿದ ಬಸದಿ ಯಾವ ಬಲದಿಂದ ಶತಮಾನಗಳ ಕಾಲ ಉಳಿಯುತ್ತದೆಂಬುದನ್ನು ಆಲೋಚಿಸುವುದು ಉಚಿತ. ಕಲ್ಲುಗಾರೆಗಳು ಗಟ್ಟಿಯಾಗಿದ್ದರಷ್ಟೇ ಸಾಲದು. ನೆರೆಹೊರೆಯವರ ಮನಸ್ಸೂ ತಿಳಿಯಾಗಿರಬೇಕು. ಕನ್ನಡನಾಡಿನ ಎರಡು ಶಾಸನಗಳು ಇದಕ್ಕೆ ಸಾಕ್ಷಿಯಾಗಿವೆ.

ಮೊದಲನೆಯದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಕ್ರಿ.ಶ. 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದೆಡೆಗಳ ಜೈನರು ತಮಗಾದ ಅನ್ಯಾಯವನ್ನು ದೊರೆಗೆ ಬಿನ್ನವಿಸಿಕೊಂಡರು. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೊಳಗೊಂಡ ವೈಷ್ಣವ ಸಮೂಹದ ಕೈಯಲ್ಲಿ ಜೈನರ ಕೈಯನ್ನಿರಿಸಿ, ಈ ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ದೊರೆ ಸಾರಿದನು. ಪಂಚಮಹಾವಾದ್ಯ ಹಾಗೂ ಕಲಶದ ಮರ್ಯಾದೆ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದು ಕಟ್ಟಳೆಯಾಯಿತು. ಜೈನದರ್ಶನಕ್ಕೆ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮದೇ ಹಾನಿವೃದ್ಧಿಗಳೆಂದು ಭಾವಿಸಬೇಕಾಯಿತು.

ಈ ಸಂಧಿ ಬರಿಯ ಸವಿಮಾತಿನಲ್ಲಿ ಮುಗಿಯಲಿಲ್ಲವೆಂಬುದು ಗಮನಾರ್ಹ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಸಂಗ್ರಹವಾಗಬೇಕು. ತಿರುಮಲೆಯ ತಾತಯ್ಯನವರು ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣ ಜೀರ್ಣ ಜಿನಾಲಯಗಳ ಉದ್ಧಾರಕ್ಕೆ ಸಲ್ಲಬೇಕು. ಯಾರೊಡನೆ ಕಲಹವಿತ್ತೋ ಅವರೇ ಕಾಪಿನ ಹೊಣೆ ಹೊತ್ತರು. ಬಿನ್ನಹದಲ್ಲಿ ಮುಂದಾಳಾಗಿದ್ದ ಕಲ್ಲೇಹದ ಬುಸುವಿಸೆಟ್ಟಿಗೆ ಉಭಯ ಸಮಯದವರೂ ಕೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದರು. ಆದರೆ ಕಾವಲು ಬೇಕಾಯಿತೆಂಬುದೂ, ಜಿನಾಲಯಗಳು ಜೀರ್ಣವಾಗಿದ್ದುವೆಂಬುದೂ ಅದೇ ಕಲ್ಲು ನುಡಿಯುವ ಕಹಿಸತ್ಯ. ಅಸಹಿಷ್ಣುತೆ ತಲೆಯೆತ್ತಿದಲ್ಲಿ ಪೂಜೆಗೆ ಸಲ್ಲಬೇಕಾದ ಧನ ಕಾವಲಿಗೆ ವ್ಯಯವಾಗುತ್ತದೆ.

ಎರಡನೆಯದು ಹಳೇಬೀಡಿನ 1638ರ ಶಾಸನ. ಅಲ್ಲಿಯ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಒಬ್ಬರು ಲಿಂಗಮುದ್ರೆಯನ್ನೊತ್ತಿದರು. ಜೈನರೊಬ್ಬರು ಅದನ್ನು ಅಳಿಸಿದರು. ಕಲಹ ನಾಡಿಗೆ ಹಬ್ಬಬಹುದಾಗಿತ್ತು. ವೀರಶೈವ ಮಹಾಮಹತ್ತಿನವರೂ ಜೈನಪ್ರಮುಖರೂ ಕೂಡಿ ಕುಳಿತು, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಬಳಿಕ ಜೈನರು ತಮ್ಮ ಪೂಜೋತ್ಸವಗಳನ್ನು ಎಂದಿನಂತೆ ನಡೆಸಬಹುದೆಂದು ತೀರ್ಮಾನಿಸಿದರು. ಈ ತೀರ್ಪು ಸಮತೂಕದ್ದೇ ಎಂದು ಇಂದು ಕೇಳಬಹುದು. ತಮ್ಮ ಬಸದಿಯಲ್ಲಿಯೇ ಅನ್ಯವಿಧಿಯನ್ನು ಮೊದಲು ಸಲ್ಲಿಸಬೇಕಾದವರ ನೋವು ಸಣ್ಣದಲ್ಲ. ಆದರೂ ರಕ್ತ ಚೆಲ್ಲದೆ ದೀಪ ಉಳಿಯಿತು.

1368ರ ಕಟ್ಟಳೆಯಿದ್ದೂ 1638ರಲ್ಲಿ ಮತ್ತೊಂದು ಒಡಂಬಡಿಕೆ ಬೇಕಾಯಿತು. ಸೌಹಾರ್ದವು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ಪ್ರತಿ ತಲೆಮಾರೂ ಎಣ್ಣೆಯೆರೆಯಬೇಕಾದ ನಂದಾದೀಪ. ಅನ್ಯರಿಂದ ಸಹನೆಯನ್ನು ಬಯಸುವ ಸಮಾಜ ತಾನೂ ಅದನ್ನು ಆಚರಿಸಬೇಕು. ಬೇರೊಬ್ಬರ ನೋಟದಲ್ಲಿಯೂ ಸತ್ಯಾಂಶವಿರಬಹುದೆಂಬ ಅನೇಕಾಂತದ ಅರಿವು ಗ್ರಂಥದಿಂದಿಳಿದು ಬೀದಿಯಲ್ಲಿ ನಡೆಯಬೇಕು.

ಇಂದು ಪ್ರತಿಷ್ಠೆಗೊಂಡ ಈ ಜಿನಾಲಯದ ಗಂಟೆಯ ನಾದ ನೆರೆಮನೆಯ ಅನ್ಯಮತೀಯರಿಗೂ ಇಂಪಾಗಿ ಕೇಳಿಸಲಿ. ಅವರಿಗೊದಗುವ ಹಾನಿಯನ್ನು ತನ್ನ ಹಾನಿಯೆಂದೇ ಈ ಸಮಾಜ ಭಾವಿಸಲಿ. ಬೆಳಗೊಳದ ಆ ಕಲ್ಲು ಬಯಸಿದ್ದು ಇದನ್ನೇ.