ದಿಲ್ಲಿಯ ಪಟ್ಟಿಯಲ್ಲಿ ನಮ್ಮ ಸಾಲ ಎಲ್ಲಿದೆ?



ಲೋಕಸಭೆ ಕೂಡುವ ಪ್ರತಿದಿನಕ್ಕೂ ಒಂದು ಕಲಾಪ ಪಟ್ಟಿ ಇರುತ್ತದೆ. ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ. ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕಾದ ಚುಕ್ಕೆ ಪ್ರಶ್ನೆಗಳು 20. ಅಷ್ಟೂ ಮುಗಿಯೋದು ಅಪರೂಪ. ಮಿಕ್ಕ 230ಕ್ಕೆ ಕಾಗದದ ಉತ್ತರ. ಆಮೇಲೆ ಸರ್ಕಾರದ ಮಸೂದೆಗಳು. ನಿಮ್ಮ ಎಂ.ಪಿ. ತಾನೇ ಒಂದು ಮಸೂದೆ ತರಬೇಕೆಂದರೆ ಶುಕ್ರವಾರದವರೆಗೆ ಕಾಯಬೇಕು. ಅದೂ ಕೊನೆಯ ಎರಡೂವರೆ ಗಂಟೆ, ಊರಿಗೆ ಹೊರಡುವವರು ಗಡಿಯಾರ ನೋಡುವ ಹೊತ್ತು!

2018ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ರಾಜು ಶೆಟ್ಟಿಯವರು ರೈತರ ಸಾಲಮುಕ್ತಿಗೆ ಒಂದು, ಬೆಲೆ ಖಾತರಿಗೆ ಒಂದು ಮಸೂದೆ ಮಂಡಿಸಿದ್ದು ಇಂಥ ಶುಕ್ರವಾರವೇ. 2019ರಲ್ಲಿ ಆ ಲೋಕಸಭೆ ಮುಗಿಯಿತು, ಮಸೂದೆಗಳೂ ಬಿದ್ದುಹೋದವು. ಸದಸ್ಯರು ಹೀಗೆ ತಂದ ಮಸೂದೆ ಎರಡೂ ಸದನ ದಾಟಿ ಕಾನೂನಾದದ್ದು 1970ರಲ್ಲೇ ಕೊನೆ.

ಸರ್ಕಾರಕ್ಕೇ ಬೇಕಾದರೆ? 2021ರ ನವೆಂಬರ್ 29ರಂದು ಮೂರು ಕೃಷಿ ಕಾನೂನುಗಳ ರದ್ದತಿ ಒಂದೇ ದಿನ ಎರಡೂ ಸದನ ದಾಟಿತು. ಲೋಕಸಭೆಯಲ್ಲಂತೂ ಚರ್ಚೆಯೇ ಇಲ್ಲ. ರದ್ದಾಗಿದ್ದು ಸರಿ. ಬೆಲೆಯ ಮಾತು?

ಚುಕ್ಕೆ ಪ್ರಶ್ನೆಗೆ 15 ದಿನ ಮೊದಲೇ ನೋಟೀಸು ಬೇಕು. ಅಧಿವೇಶನಕ್ಕೆ ಮುಂಚೆಯೇ ಎಂ.ಪಿ. ಮನೆಗೆ ಹೋಗಿ, "ಸ್ವಾಮಿ, ನಮ್ಮ ಸಾಲದ ಬಗ್ಗೆ ಏನು ಪ್ರಶ್ನೆ ಬರೆದುಕೊಟ್ಟಿದೀರಿ, ತೋರಿಸಿ" ಅಂತ ಕೇಳಿ.